ನಾಲ್ಕು ಗಾದಿ

ಸುಹಾಸಿನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಸುಹಾಸಿನಿ ಅಂದರೆ ನಾನೇ. ಇರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಆವತ್ತು ನನ್ನ ನಾದಿನಿ ಪೂರ್ವಿ, ಹೈದರಾಬಾದಿನ ಮಲ್ಕಾಜ್‌ಗಿರಿಯ ನಮ್ಮ ಬಾಡಿಗೆ ಮನೆಯಲ್ಲಿ ಕೂತು, ನಾನೇ ಮಾಡಿಕೊಟ್ಟ ಚಹಾ ಕುಡಿಯುತ್ತ ಆಡಿದ ಮಾತಿಗೆ ಎಂಥವರಿಗೂ ಸಿಟ್ಟು ಬರುತ್ತಿತ್ತು.

"ವೈನಿ, ನೀವ್ಯಾಕ ಇಷ್ಟು ತಲಿ ಕೆಡಿಸ್ಕೋತೀರಿ? ಅಪ್ಪಾ-ಅಮ್ಮಗ ಸಮುದ್ರ ತೋರಸೋದು ನಿಮ್ಮ ಕೈಲೆ ಆಗೋ ಮಾತಲ್ಲ. ರೊಕ್ಕಾ ನಾ ಹಾಕ್ತೀನಿ, ಎಲ್ಲಾರೂ ಕೂಡಿ ಗೋವಾಕ್ಕ ಹೋಗೂಣು."

ಪೂರ್ವಿ ಕೆಟ್ಟವಳಲ್ಲ. ಗಚ್ಚಿಬೌಲಿಯಲ್ಲಿ ದೊಡ್ಡ ಕೆಲಸ, ಕೈತುಂಬ ಸಂಬಳ, ತಂದೆ-ತಾಯಿಯ ಮೇಲೆ ಜೀವ. ಅವಳ ರೊಕ್ಕದ ಮೇಲೆ ನನಗೆ ಹೊಟ್ಟೆಕಿಚ್ಚೂ ಇಲ್ಲ. ಆದರೆ 'ನಿಮ್ಮ ಕೈಲೆ ಆಗೋ ಮಾತಲ್ಲ' ಅಂದಳಲ್ಲ, ಅದನ್ನು ಮಾತ್ರ ಸುಮ್ಮನೆ ಬಿಡಲಾಗಲಿಲ್ಲ.

"ಆಗತೈತಿ ಪೂರ್ವಿ," ಅಂದೆ. "ದಸರಾ ಸೂಟಿಯೊಳಗ ಅತ್ಯಾ ಸಮುದ್ರದಾಗ ಕಾಲು ಇಡ್ತಾರ. ನಿನ್ನ ಒಂದು ಪೈಸಾನೂ ಬ್ಯಾಡ."

ನನ್ನ ಗಂಡ ಜಯತೀರ್ಥ ತಲೆಯೆತ್ತಿ ಫ್ಯಾನು ನೋಡತೊಡಗಿದರು. ಸನತ್‌ನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ಅವರು ಸೂಪರ್‌ವೈಸರ್. ಅವರ ಸಂಬಳ ಬಾಡಿಗೆಗೆ, ಮಗಳು ಶರ್ವರಿಯ ಫೀಸಿಗೆ, ಅತ್ತೆಯ ಬಿಪಿ ಗುಳಿಗೆಗೆ ಹಂಚಿಹೋದ ಮೇಲೆ ತಿಂಗಳ ಕೊನೆಗೆ ಉಳಿಯುವುದು ಇಂಥ ಮೌನವೇ.

ನಮ್ಮ ಅತ್ತೆ ಸತ್ಯಭಾಮಾ ಲಿಂಗಸುಗೂರ ಕಡೆಯವರು. ಮದುವೆಯಾಗಿ ಹೈದರಾಬಾದಿಗೆ ಬಂದವರು ಹುಸೇನಸಾಗರ ಬಿಟ್ಟರೆ ಬೇರೆ ಸಾಗರ ಕಂಡವರಲ್ಲ. ಟೀವಿಯಲ್ಲಿ ಸಮುದ್ರ ಬಂದರೆ ಕೈಲಿದ್ದ ಹೂಬತ್ತಿ ಬಿಟ್ಟು ನೋಡುತ್ತಾರೆ. "ಅಷ್ಟೂ ನೀರು ಖರೇನ ಉಪ್ಪಿರತಾವೇನ?" ಎಂದು ಒಮ್ಮೆ ಕೇಳಿದರು. ತಮಗೆ ಇದು ಬೇಕು, ಅದು ಬೇಕು ಎಂದು ಬಾಯಿಬಿಟ್ಟು ಕೇಳದ ಹೆಂಗಸಿನ ಬಾಯಲ್ಲಿ ಆ ಪ್ರಶ್ನೆ ಬಂದಾಗಲೇ ನಾನು ನಿಶ್ಚಯ ಮಾಡಿಬಿಟ್ಟಿದ್ದೆ.

ರೊಕ್ಕ ಎಲ್ಲಿಂದ ಬರಬೇಕು? ನನ್ನ ಶೇಂಗಾ ಚಟ್ನಿಯಿಂದ. ಬೆಂಗಳೂರು, ಮೈಸೂರು ಕಡೆಯಿಂದ ಐಟಿ ಕೆಲಸಕ್ಕೆ ಬಂದ ಹುಡುಗ ಹುಡುಗಿಯರು ಕೊಂಡಾಪುರದ ಪೀಜಿಗಳಲ್ಲಿ ಇರುತ್ತಾರೆ. "ಆಂಟಿ, ಎರಡು ಪ್ಯಾಕೆಟ್ ಚಟ್ನಿಪುಡಿ, ಸ್ವಲ್ಪ ಖಡಕ್ ರೊಟ್ಟಿ" ಎಂದು ಮೆಸೇಜು ಹಾಕುತ್ತಾರೆ. ಬೇಸಿಗೆಯಿಂದ ದಸರಾವರೆಗೆ ಕುಟ್ಟಿದ್ದೇ ಕುಟ್ಟಿದ್ದು, ಬಡಿದಿದ್ದೇ ಬಡಿದಿದ್ದು. ಬಂದ ಹಣ ಅಕ್ಕಿ ಡಬ್ಬಿಯ ಹಿಂದೆ ಇಟ್ಟೆ, ಮನೆಯಲ್ಲಿ ಯಾರೂ ಅದನ್ನು ಮುಟ್ಟಲಿಲ್ಲ.

ಇನ್ನು ಯೋಜನೆ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಅದು ಚೊಕ್ಕ ಯೋಜನೆಯಾಗಿತ್ತು. ಗೋವಾ ಬೇಡ, ವೈಜಾಗ್ ಬೇಡ. ಹಗಲಿನ ರೈಲು ಹತ್ತಿದರೆ ಮಧ್ಯಾಹ್ನಕ್ಕೆ ಆಂಧ್ರದ ಬಾಪಟ್ಲ, ಅಲ್ಲಿಂದ ಆಟೋದಲ್ಲಿ ಹೋದರೆ ಸೂರ್ಯಲಂಕ ಕಡಲು. ಎರಡೂ ಕಡೆಯ ಟಿಕೀಟು ರಿಸರ್ವೇಶನ್ ತೆರೆದ ದಿನವೇ ತೆಗೆದೆ. ಅತ್ತೆ ಹೊರಗಿನದು ತಿನ್ನುವುದಿಲ್ಲ, ಬೇಡವೇ ಬೇಡ! ಅವರ ಮಡಿಯ ಬಗ್ಗೆ ಒಳಗೊಳಗೇ ಗೊಣಗುತ್ತಿದ್ದ ನಾನು ಮೊದಲ ಸಲ ಅದಕ್ಕೆ ಕೈ ಮುಗಿದೆ. ರೊಟ್ಟಿ, ಚಟ್ನಿ, ಹಚ್ಚಿದ ಅವಲಕ್ಕಿ, ಮೊಸರು ಕಟ್ಟಿಕೊಂಡರೆ ಎರಡು ದಿನ ಹೋಟೆಲಿನ ಮೆಟ್ಟಿಲು ಹತ್ತಬೇಕಿಲ್ಲ.

ಉಳಿದದ್ದು ಇಳಿದುಕೊಳ್ಳುವ ಜಾಗ. ಅಲ್ಲಿಯೇ ಮಾವನವರು ಅಡ್ಡ ಬಂದರು.

ನಮ್ಮ ಮಾವ ಗೋಪಿನಾಥರಾಯರು ಕೋಠಿಯ ಒಂದು ಔಷಧಿ ಸಗಟು ಅಂಗಡಿಯ ಕೌಂಟರಿನಲ್ಲಿ ಆಯುಷ್ಯ ಕಳೆದವರು. ಮಾಲೀಕರು ಮಾರವಾಡಿಗಳು, ಗಿರಾಕಿಗಳ ಜತೆ ಮಾತೆಲ್ಲ ದಖನಿ ಹಿಂದಿಯಲ್ಲಿ. ಅಂಗಡಿಗೆ ತಪ್ಪಿ ಬಂದ ಮಾಲನ್ನು ತಾವು ಹಿಂದಕ್ಕೆ ಕಳಿಸಿದ್ದೇ ಇಲ್ಲ, ಸಂಜೆಯೊಳಗೆ ಮಾರಿಬಿಟ್ಟದ್ದೇ ಎಂಬ ಕಥೆಯನ್ನು ನಮ್ಮ ಮನೆಗೆ ಬಂದವರಿಗೆಲ್ಲ ಹೇಳುತ್ತಾರೆ. ಅಷ್ಟರ ಮಟ್ಟಿಗೆ ಸರಿ. ಆದರೆ ತಮಗೆ ತೆಲುಗೂ ಬರುತ್ತದೆ ಎಂದು ಅವರು ನಂಬಿದ್ದರು. ಹಿಂದಿ ವಾಕ್ಯದ ತುದಿಗೆ 'ಉಂದಿ' ಸೇರಿಸಿದರೆ ತೆಲುಗಾಯಿತು ಎಂಬುದು ಅವರ ಲೆಕ್ಕ. ಶಾಲೆಯಲ್ಲಿ ತೆಲುಗು ಕಲಿಯುವ ಶರ್ವರಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾಳೆ.

"ಎಲ್ಲಾ ನೀನ ಮಾಡಾಕತ್ತೀದಿ. ನನಗೇನೂ ಕೆಲಸಾ ಇಲ್ಲೇನು?" ಅಂದರು ಮಾವ. "ಲಾಡ್ಜಿನ ನಂಬರ್ ಕೊಡು. ನಾ ಮಾತಾಡ್ತೀನಿ. ನನ್ನ ತೆಲುಗು ಏಕದಂ ಫಸ್ಟ್ ಕ್ಲಾಸ್."

ಮನಸ್ಸಿಲ್ಲದೆ ಕೊಟ್ಟೆ. "ಒಂದು ದೊಡ್ಡ ಖೋಲಿ ಸಾಕು ಮಾಮಾ," ಎಂದು ಎರಡು ಸಲ ಹೇಳಿದೆ. ಅವರು ಅಂಗಳಕ್ಕೆ ಹೋಗಿ, ಊರಿಗೆಲ್ಲ ಕೇಳುವ ಹಾಗೆ ಮಾತಾಡಿ ಬಂದರು. "ಆತು. ಭಾಳ ಸಭ್ಯ ಮನಷ್ಯಾ. ಎಲ್ಲಾ ವಿಚಾರಿಸಿದಾ," ಅಂದರು. ಏನು ವಿಚಾರಿಸಿದ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ.

ರೈಲಿನಲ್ಲಿ ಎಲ್ಲವೂ ನನ್ನ ಲೆಕ್ಕದಂತೆಯೇ ನಡೆಯಿತು. ಶರ್ವರಿ ಕಿಟಕಿ ಬಿಡಲಿಲ್ಲ, ಅತ್ತೆ ಶರ್ವರಿಯ ಜಡೆ ಬಿಡಲಿಲ್ಲ. ಬಾಪಟ್ಲದಲ್ಲಿ ಇಳಿದು ಲಾಡ್ಜು ಮುಟ್ಟಿದಾಗ ಅಂಗಳದ ತುಂಬ ಜನ. ರಜೆಯ ಶನಿವಾರ. ಬೇವಿನ ಮರದ ಕೆಳಗೆ ಚೀಲಗಳ ಮೇಲೆ ಕೂತವರು, ಮಕ್ಕಳನ್ನು ಹೆಗಲ ಮೇಲೆ ಹಾಕಿಕೊಂಡವರು. ಎಲ್ಲ ಕೋಣೆ ತುಂಬಿವೆ ಎಂದು ಅವರಿಗೆಲ್ಲ ಹೇಳಿಯಾಗಿತ್ತು. ನಮ್ಮದು ಮುಂಚೆಯೇ ಹೇಳಿಟ್ಟದ್ದು. ನಾನು ಸೆರಗು ಸರಿಮಾಡಿಕೊಂಡು ಅವರ ನಡುವಿನಿಂದ ಸ್ವಲ್ಪ ಬಿಗುಮಾನದಿಂದಲೇ ನಡೆದೆ.

"ಹೈದರಾಬಾದ್ ಗೋಪಿನಾಥರಾವುಗಾರಾ?" ಎಂದ ಮ್ಯಾನೇಜರು, ಮೇಜಿನ ಮೇಲೆ ನಾಲ್ಕು ಕೀಲಿಕೈ ಸಾಲಾಗಿ ಇಟ್ಟರು. "ಮೀ ನಾಲುಗು ಗದುಲು ರೆಡಿ ಸಾರ್."

ನಾನು ಅವರಿಗೆ ತೆಲುಗಿನಲ್ಲೇ ಹೇಳಿದೆ, ನಮಗೆ ಬೇಕಾದದ್ದು ಒಂದೇ ಕೋಣೆ ಎಂದು. ನನ್ನ ತೆಲುಗು ತರಕಾರಿ ಸಂತೆಯಲ್ಲಿ ಕಲಿತದ್ದು, ಜಗಳಕ್ಕೂ ಸಾಕಾಗುತ್ತದೆ. ಅವರು ತಲೆ ಅಲ್ಲಾಡಿಸಿದರು. ಎಷ್ಟು ಬೇಕೆಂದು ತಾವು ಫೋನಿನಲ್ಲಿ ಕೇಳಿದಾಗ ಸಾರ್ ನಾಲ್ಕು ಎಂದು ಖಚಿತವಾಗಿ ಹೇಳಿದರಂತೆ.

"ಹೌದಲ್ಲ, ನಾಲ್ಕು ಗಾದಿ," ಅಂದರು ಮಾವ, ನಮ್ಮ ಕಡೆ ತಿರುಗಿ. "ನಾವು ಐದು ಮಂದಿ. ಶರ್ವರಿ ಅಜ್ಜಿ ಮಗ್ಗಲಾಗ ಮಲಗತಾಳ. ನಾಲ್ಕು ಸಾಕು ಅಂದೆ. ಆದ್ರ ಇವಾ ಕೀಲಿಕೈ ಯಾಕ ಕೊಡಾಕತ್ತಾನ? ಗಾದಿ ಎಲ್ಲವ?"

ನನಗೆ ಆಗ ತಿಳಿಯಿತು. ನಮ್ಮ ಕಡೆ ಗಾದಿ ಅಂದರೆ ಮಲಗುವ ಹಾಸಿಗೆ, ಕೋಣೆಗೆ ಖೋಲಿ ಅನ್ನುತ್ತೇವೆ. ತೆಲುಗಿನಲ್ಲಿ ಗದಿ ಅಂದರೆ ಕೋಣೆ. ಎಷ್ಟು ಗದಿ ಬೇಕು ಎಂದು ಆ ಮನುಷ್ಯ ಕೇಳಿದ್ದಾನೆ, ನಮ್ಮ ಫಸ್ಟ್ ಕ್ಲಾಸ್ ತೆಲುಗಿನವರು ಮಲಗುವವರನ್ನು ಎಣಿಸಿ ನಾಲ್ಕು ಅಂದಿದ್ದಾರೆ.

"ಅಜ್ಜಾ, ಗದಿ ಅಂದ್ರ ರೂಮು!" ಎಂದು ಶರ್ವರಿ ಕೂಗಿದಳು.

ಮ್ಯಾನೇಜರಿಗೆ ನಗು ಬರಲಿಲ್ಲ. ಬೆಳಗಿನಿಂದ ನಿಮ್ಮ ಹೆಸರಿನ ಮೇಲೆ ಎಷ್ಟೋ ಜನರನ್ನು ಹಿಂದಕ್ಕೆ ಕಳಿಸಿದ್ದೇನೆ, ಅಂದರು. ಹೊರಗೆ ಕೂತವರಿಗೂ ಕೋಣೆ ಇಲ್ಲ ಎಂದು ದೇವರಾಣೆ ಮಾಡಿ ಹೇಳಿದ್ದೇನೆ, ಈಗ ಯಾವ ಮುಖ ಇಟ್ಟುಕೊಂಡು ಇದೆ ಅನ್ನಲಿ, ದುಡ್ಡಿಗಾಗಿ ನಾನು ಆಟ ಕಟ್ಟಿದೆ ಎಂದು ಅವರು ಅನ್ನುವುದಿಲ್ಲವೇ ಎಂದರು. ಅವರ ಮಾತು ನ್ಯಾಯವಾಗಿಯೇ ಇತ್ತು. ನಾಲ್ಕರ ಬಾಡಿಗೆ ಕೊಡಲೇಬೇಕು. ಕೊಟ್ಟರೆ ನನ್ನ ಆರು ತಿಂಗಳ ಚಟ್ನಿ ಅಲ್ಲಿಯೇ ಮುಗಿಯುತ್ತಿತ್ತು, ಕಡಲಿಗೆ ಹೋಗುವ ಆಟೋಕ್ಕೂ ಉಳಿಯುತ್ತಿರಲಿಲ್ಲ.

ನನ್ನ ಗಂಡ ಮೆಲ್ಲಗೆ ಜೇಬಿನಿಂದ ಫೋನ್ ತೆಗೆದರು. "ಪೂರ್ವಿಗೆ ಒಂದು ಮಾತು ಹೇಳ್ಲೇನು?"

ಬೇಡವೆಂದು ಅವರ ಕೈ ತಡೆದೆ. ಮಾವನ ಕಡೆ ತಿರುಗಿದೆ. ಎರಡು ಸಲ ಹೇಳಿದ್ದೆನಲ್ಲ, ಒಂದು ಖೋಲಿ ಅಂತ! ಮಾತು ನಾಲಿಗೆಯ ತುದಿಗೆ ಬಂದಿತ್ತು. ಮಾವ ಆ ನಾಲ್ಕು ಕೀಲಿಕೈಗಳನ್ನೇ ನೋಡುತ್ತ ನಿಂತಿದ್ದರು. ಬಾಯಿ ಅರೆ ತೆರೆದಿತ್ತು, ಯಾವ ಭಾಷೆಯ ಮಾತೂ ಹೊರಡುತ್ತಿರಲಿಲ್ಲ. ನಮ್ಮೆದುರಿಗೆ ಗಂಡನ ಪಕ್ಕದಲ್ಲಿ ಕೂರಲೂ ನಾಚುವ ಅತ್ತೆ ಅವರ ಅಂಗಿಯ ತೋಳು ಹಿಡಿದುಕೊಂಡಿದ್ದರು. ಹಿಡಿದುಕೊಂಡು ನನ್ನ ಮುಖ ನೋಡುತ್ತಿದ್ದರು.

ಮಾತು ನುಂಗಿದೆ. ಸುಲಭವಾಗಿ ಇಳಿಯಲಿಲ್ಲ.

"ನಾಲ್ಕೂ ನಮ್ಮವೇ," ಎಂದೆ ಮ್ಯಾನೇಜರಿಗೆ. "ನಮ್ಮವರು ಇನ್ನೂ ಬರೋರಿದ್ದಾರೆ. ಬಂದು ಅವರವರ ಬಾಡಿಗೆ ಅವರೇ ಕೊಡುತ್ತಾರೆ. ಸಂಜೆಯೊಳಗೆ ಬಾರದಿದ್ದರೆ ನಾನು ಕೊಡುತ್ತೇನೆ."

ಆಮೇಲೆ ಮಾವನಿಗೆ ಕನ್ನಡದಲ್ಲಿ ಕೇಳಿದೆ. "ಮಾಮಾ, ಕೋಠಿ ಅಂಗಡಿಗೆ ತಪ್ಪಿ ಬಂದ ಮಾಲು ಏನ್ ಮಾಡ್ತಿದ್ರಿ?"

ಅವರು ನನ್ನನ್ನೇ ನೋಡಿದರು. ಅಂಗಳದತ್ತ ನೋಡಿದರು. ಮುಖಕ್ಕೆ ನಿಧಾನವಾಗಿ ಕಳೆ ಬಂತು. ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು, ಮೂರು ಕೀಲಿಕೈ ಎತ್ತಿಕೊಂಡು ಹೊರಗೆ ನಡೆದರು.

ಆಮೇಲೆ ನಾನು ಕಂಡದ್ದು ನಮ್ಮ ಮನೆಯ ಮೂಲೆಯ ಕುರ್ಚಿಯಲ್ಲಿ ಕೂತು ಪೇಪರು ಓದುವ ಮುದುಕನನ್ನಲ್ಲ. "ಆವ್ ಭಾಯಿ, ಹಮಾರೇ ಲೋಗಾಂ ನೈ ಆಯೇ, ಕಮರಾ ಖಾಲಿ ಹೈ," ನಮ್ಮವರು ಬರಲಿಲ್ಲ, ಕೋಣೆ ಖಾಲಿ ಇದೆ ಎಂದು ಬೇವಿನ ಮರದ ಕೆಳಗೆ ನಿಂತು ಹೇಳಿದ ಕೂಡಲೇ ನಾಲ್ಕು ಜನ ಎದ್ದರು. ಅಲ್ಲಿದ್ದವರಲ್ಲಿ ಅರ್ಧ ಜನ ನಮ್ಮ ಹೈದರಾಬಾದಿನವರೇ, ಮಾವನ ದಖನಿ ಎಲ್ಲರಿಗೂ ನಾಟಿತು. ಮೊದಲ ಕೋಣೆ ಕೈಗೂಸಿದ್ದ ಬಾಣಂತಿಯ ಕುಟುಂಬಕ್ಕೆ ಕೊಟ್ಟರು. "ಕೂಸಿಗೆ ಮೊದಲು," ಎಂದು ಉಳಿದವರನ್ನು ಗದರಿಸಿದರು, ಯಾರೂ ಎದುರಾಡಲಿಲ್ಲ. ಎರಡನೆಯದು ನಲ್ಗೊಂಡದ ದಂಪತಿಗೆ ಹೋಯಿತು. ಉಳಿದವರು ಬಾಡಿಗೆ ಕೇಳಿ, ಹೆಚ್ಚಾಯಿತೆಂದು ಹೊರಟುಬಿಟ್ಟರು. ಮೂರನೆಯ ಕೀಲಿಕೈ ಕೈಯಲ್ಲಿ ಹಿಡಿದು ಮಾವ ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಹೊತ್ತು ಇಳಿಯುತ್ತಿತ್ತು. ಮ್ಯಾನೇಜರು ಗೋಡೆಯ ಗಡಿಯಾರ ನೋಡಿದರು, ನಾನು ಕೈಚೀಲದೊಳಗಿನ ನೋಟುಗಳನ್ನು ಮುಟ್ಟಿ ನೋಡಿಕೊಂಡೆ.

ಮಾವ ಬಂದರು. ಅವರ ಹಿಂದೆ ಮಲಕ್‌ಪೇಟೆಯ ಒಂದು ಕುಟುಂಬ, ಮುಂದೆ ನಡೆಯುತ್ತಿದ್ದ ಅಜ್ಜಿ ಅವರನ್ನು "ಭಾಯಿಸಾಬ್" ಎಂದು ಕರೆಯುತ್ತ ಕೋಠಿಯ ಹಳೆಯ ಅಂಗಡಿಗಳ ಸುದ್ದಿ ಕೇಳುತ್ತಿದ್ದರು. "ನಮ್ಮವರು ಬಂದ್ರು," ಎಂದು ಮಾವ ಮ್ಯಾನೇಜರ ಎದುರು ಎದೆಯುಬ್ಬಿಸಿ ನಿಂತರು. ಮ್ಯಾನೇಜರಿಗೆ ಎಲ್ಲ ಗೊತ್ತಿತ್ತು, ಆದರೂ ಬಾಡಿಗೆ ಬರೆದುಕೊಂಡರು. ಹುಡುಗಾಟಕ್ಕೋ ಮರ್ಯಾದೆಗೋ, ನಮ್ಮ ಕೋಣೆಗೆ ನಾಲ್ಕು ಹಾಸಿಗೆ ಕಳಿಸಿದರು.

"ನೋಡು, ನಾ ಹೇಳಿದ್ದು ಬಂತು," ಅಂದರು ಮಾವ ಗಾದಿ ತಟ್ಟಿ. ಎಲ್ಲರೂ ಹೊಟ್ಟೆ ಹಿಡಿದು ನಕ್ಕೆವು.

ಮರುದಿನ ಬೆಳಿಗ್ಗೆ ಸೂರ್ಯಲಂಕದಲ್ಲಿ ಅತ್ತೆ ಸೀರೆಯ ನೆರಿಗೆ ಎತ್ತಿ ಹಿಡಿದು ನೀರಿನತ್ತ ನಡೆದರು. ತೆರೆ ಬಂದು ಪಾದ ಮುಟ್ಟಿದಾಗ ನಿಂತುಬಿಟ್ಟರು. ಬಗ್ಗಿ, ಬೊಗಸೆಯಲ್ಲಿ ನೀರು ತೆಗೆದು ಕಣ್ಣಿಗೊತ್ತಿಕೊಂಡರು, ಒಂದು ಹನಿ ನಾಲಿಗೆಗೆ ಇಟ್ಟರು. "ಖರೇನ ಉಪ್ಪು ಐತಿ ಸುಹಾಸಿನಿ!" ಎಂದು ಅಷ್ಟು ದೂರದಿಂದ ಕೂಗಿ ಹೇಳಿದರು. ಅವರು ಕೂಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆಗಲೇ ಪೂರ್ವಿಯ ಫೋನು ಬಂತು. "ವೈನಿ, ಎಲ್ಲಾ ಬರೋಬ್ಬರಿ ಐತಿಲ್ಲೋ? ರೊಕ್ಕಾ ಏನರೆ ಕಡಿಮಿ ಬಿದ್ರ ಸಂಕೋಚ ಮಾಡ್ಕೋಬ್ಯಾಡ್ರಿ."

ನಾನು ಬಾಯಿ ತೆರೆಯುವ ಮೊದಲೇ ಮಾವ ಫೋನು ಕಸಿದುಕೊಂಡರು.

"ಪೂರ್ವಿ, ನಾ ಅಪ್ಪಾ. ಕೇಳಿಲ್ಲೆ. ನನಗ ತೆಲುಗು ಬರಂಗಿಲ್ಲ. ಗದಿ ಅಂದ್ರ ಗಾದಿ ಅಂದ್ಕೊಂಡು ನಾಲ್ಕು ರೂಮ್ ಹೇಳಿಬಿಟ್ಟಿದ್ದೆ. ಎಲ್ಲಾ ಮುಳುಗಿಸಿದ್ದೆ. ನಿಮ್ಮ ವೈನಿ ನನಗ ಒಂದು ಮಾತು ಅನ್ನಲಿಲ್ಲ, ನಿನ್ನ ಹಂತೇಕ ಕೈಯೂ ಚಾಚಲಿಲ್ಲ. ಆಕಿ ಕೈಲೆ ಆಗತೈತಿ. ಮುಂದಿನ ವರ್ಷ ನೀನೂ ಬಾ, ಆಕಿ ಕರಕೊಂಡು ಹೋಗತಾಳ."

ತಮಗೆ ತೆಲುಗು ಬರುವುದಿಲ್ಲ ಎಂದು ಮಾವ ಒಪ್ಪಿಕೊಂಡದ್ದನ್ನು ನಮ್ಮ ಮನೆಯಲ್ಲಿ ಅದುವರೆಗೆ ಯಾರೂ ಕೇಳಿರಲಿಲ್ಲ. ಶರ್ವರಿ ಕೂಡ ನಗಲಿಲ್ಲ.

"ಪೂರ್ವಿ, ರೂಮು ತುಂಬಿಸಿದವರು ಮಾಮಾ, ನಾ ಅಲ್ಲ!" ಎಂದು ನಾನು ಫೋನಿಗೆ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದೆ. ಅದು ನಿಜವೇ. ಆದರೂ ಜಂಬವಾಯಿತು, ಸುಳ್ಳು ಯಾಕೆ ಹೇಳಲಿ? ಇಷ್ಟು ವರ್ಷ ಆ ಮನೆಯಲ್ಲಿ ರೊಟ್ಟಿ ಬಡಿದರೂ ಆಗದಷ್ಟು ಜಂಬವಾಯಿತು.

"ವೈನಿ," ಎಂದಳು ಪೂರ್ವಿ, ಮಾವ ಫೋನು ನನ್ನ ಕೈಗೆ ಕೊಟ್ಟ ಮೇಲೆ, ದನಿ ತಗ್ಗಿಸಿ, "ಮುಂದಿನ ವರ್ಷ ನಂದೂ ಒಂದು ಗಾದಿ ಹಿಡೀರಿ."