ಹಳದಿ ಚೌಕಗಳು ಮಾತ್ರ

ಟಣ್ ಅಂತ ಸದ್ದು, ಪರದೆಯ ಮೇಲೆ ಎಚ್ಚರಿಕೆ — ಈ ಚೌಕಕ್ಕೆ ರಕ್ಷಣೆಯಿದೆ, ತಿದ್ದಲಾಗದು — ಅಯ್ಯೋ, ಮಗುವಿನ ತೂಕವನ್ನು ಮದ್ದಿನ ಪ್ರಮಾಣದ ಚೌಕದಲ್ಲಿ ಒತ್ತುತ್ತಿದ್ದೆ, ಪೊಟೊಸಿಯ ಬೆಳಗಿನ ಚಳಿಗೆ ಬೆರಳು ಮಾತು ಕೇಳುವುದಿಲ್ಲ, ಹಳದಿಗೆ ಹೋಗು ನಿಯೆವೆಸ್, ಹದಿನಾಲ್ಕು ವರ್ಷದಿಂದ ನರ್ಸ್ ನೀನು, ಆರು ಪಾಯಿಂಟ್ ಎಂಟು ಕಿಲೋ, ಹಾಂ, ಪಕ್ಕದ ಬಿಳಿ ಚೌಕದಲ್ಲಿ ಪ್ರಮಾಣ ತಾನಾಗಿ ಬಂತು, ಎಷ್ಟು ಅಚ್ಚುಕಟ್ಟು, ಕೆಳಗಿನ ಔಷಧ ಕೋಣೆಯಲ್ಲಿ ಕೂತು ಎದೆಲ್ಮಿರಾ ಅಮ್ಮ ಒಬ್ಬರೇ ಕಂಪ್ಯೂಟರಿನಲ್ಲಿ ಕಟ್ಟಿದ ಲೆಕ್ಕದ ಹಾಳೆ ಇದು, ಇವತ್ತು ಅವರ ಕೆಲಸದ ಕೊನೆಯ ದಿನ, ಕೆಳಗೆ ಅವರಿಗಾಗಿ ಆಪಿ ಕಾಯಿಸುತ್ತಿದ್ದಾರೆ, ನೇರಳೆ ಜೋಳದ ಗಂಜಿಯ ದಾಲ್ಚಿನ್ನಿ ಘಮ ಮೆಟ್ಟಿಲು ಹತ್ತಿ ವಾರ್ಡಿನ ತನಕ ಬಂದಿದೆ — ಜೂನ್‌ನಲ್ಲಿ ಆ ತಪ್ಪು ನಡೆದ ಮೇಲೇ ಅಲ್ಲವೇ ಅಮ್ಮ ಈ ಚೌಕಗಳಿಗೆ ಬೀಗ ಹಾಕಿದ್ದು, ಯಾರು ಮಾಡಿದ್ದು ಅಂತ ಒಬ್ಬರನ್ನೂ ಕೇಳಲಿಲ್ಲ, ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ತೋರಿಸಿದರು, ನೋಡು ಮಗಳೇ, ಪ್ರತಿ ಚೌಕಕ್ಕೂ ಹುಟ್ಟುತ್ತಲೇ ಬೀಗ ಇರುತ್ತೆ, ಆದ್ರೆ ಹಾಳೆಗೆ ರಕ್ಷಣೆ ಕೊಡೋ ತನಕ ಅದು ಬೀಳೋದಿಲ್ಲ, ಮೊದಲು ನೀವು ತೂಕ ಬರೆಯೋ ಹಳದಿಯವನ್ನ ಬಿಡಿಸಬೇಕು, ಆಮೇಲೆ ಇಡೀ ಹಾಳೆ ಮುಚ್ಚಬೇಕು — ಡಾಕ್ಟರ್ ಅರಾನ್ಸಿಬಿಯಾ ನಕ್ಕಿದ್ದರು, ಏನಮ್ಮಾ, ನಾವೆಲ್ಲ ಕಳ್ಳರ ಹಾಗೆ ಕಾಣ್ತೀವಾ, ಬೀಗ ತೆಗೆಯೋ ಆ ಗುಟ್ಟಿನ ಪದ ನನಗಾದ್ರೂ ಹೇಳಿ, ಅಮ್ಮ ಕನ್ನಡಕ ಒರೆಸುತ್ತಲೇ, ಲೆಕ್ಕ ತಪ್ಪಿದೆ ಅನ್ನಿಸಿದ್ರೆ ಕೆಳಗೆ ಬನ್ನಿ ಡಾಕ್ಟ್ರೇ, ಇಬ್ಬರೂ ಕೂತು ತಿದ್ದೋಣ, ಒಬ್ಬರೇ ತಿದ್ದೋದು ಬೇಡ, ನಾನೂ ಒಬ್ಬಳೇ ತಿದ್ದೋದಿಲ್ಲ — ಆಮೇಲೆ ಡಾಕ್ಟರು ನಿಜಕ್ಕೂ ಎರಡು ಸಲ ಇಳಿದುಹೋದರು, ಎರಡನೆಯ ಸಲ ಅವರದೇ ಸರಿ, ಅಮ್ಮ ಒಪ್ಪಿಕೊಂಡು ತಿದ್ದಿ ಮತ್ತೆ ಮುಚ್ಚಿದರು, ಅಂಥ ಹೆಂಗಸು.

ಈಗ ಜೇಬಿನಲ್ಲಿ ಒಂದು ಲಕೋಟೆ, ಬೆಳಿಗ್ಗೆ ನಾನು ಬರುತ್ತಲೇ ಅಮ್ಮ ಕೈಗಿಟ್ಟರು, ಗುಟ್ಟಿನ ಪದ ಇದರಲ್ಲಿದೆ, ಇನ್ನು ನೀನೇ ನೋಡ್ಕೋ, ನನಗೆ ಯಾಕಮ್ಮಾ ಅಂದೆ, ಜೂನ್‌ನಲ್ಲಿ ಆ ಚೌಕ ಕೆಡಿಸಿದ್ದು ನಾನೇ ಅಂತ ಆರು ತಿಂಗಳ ಮೇಲೆ ಬಾಯಿಬಿಟ್ಟೆ, ಅಮ್ಮ ನನ್ನ ಟೋಪಿ ಸರಿಮಾಡಿದರು, ಗೊತ್ತು ಕಣೇ, ಅವತ್ತೇ ಗೊತ್ತಿತ್ತು, ಆ ಚೌಕ ಯಾಕೆ ಮುಚ್ಚಿರಬೇಕು ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು — ಅವತ್ತೇ ಗೊತ್ತಿತ್ತು, ಆದರೂ ಪಕ್ಕಕ್ಕೆ ಕೂರಿಸಿಕೊಂಡು ಕಲಿಸಿದರು — ಒಂಬತ್ತು ವರ್ಷದ ಹುಡುಗಿಗೆ ಪ್ರಮಾಣವನ್ನು ಪೂರ್ಣ ಅಂಕಿಗೆ ತರೋಣ ಅಂತ ಲೆಕ್ಕದ ಸೂತ್ರದ ಮೇಲೇ ಅಂಕಿ ಒತ್ತಿಬಿಟ್ಟಿದ್ದೆ, ಸೂತ್ರ ಅಳಿಸಿಹೋಯಿತು, ಆಮೇಲೆ ನಾಲ್ಕು ತಿಂಗಳ ಕೂಸಿನ ತೂಕ ಬರೆದಾಗಲೂ ಅದೇ ಅಂಕಿ ಅಲ್ಲೇ ಕೂತಿತ್ತು, ನಾನು ನೋಡಲಿಲ್ಲ, ಅಷ್ಟನ್ನೂ ಸಿರಿಂಜಿಗೆ ಎಳೆದೆ, ಕೆಳಗೆ ಅಮ್ಮ ಇಬ್ಬರು ಮಕ್ಕಳ ಮದ್ದಿನ ಚೀಟಿಯನ್ನೂ ಒಟ್ಟಿಗೆ ನೋಡಿದ್ದಾರೆ, ಎರಡರಲ್ಲೂ ಒಂದೇ ಅಂಕಿ, ನೋವಿನ ಮೊಣಕಾಲಲ್ಲಿ ಎರಡು ಮಹಡಿ ಓಡಿ ಹತ್ತಿದ್ದಾರೆ, ಏದುಸಿರಲ್ಲೇ ಕೈ ಅಡ್ಡ ಹಿಡಿದರು, ಎಷ್ಟು ಸಲ ಕಣ್ಣು ಮುಚ್ಚಿದರೂ ಅದೇ, ಕೂಸಿನ ತೊಡೆ, ಅದರ ಮೇಲೆ ಅವರ ಅಂಗೈ, ಅಂಗೈ ಮೇಲೆ ಬೆರಳಗಲದಲ್ಲಿ ನನ್ನ ಸೂಜಿ, ಸೂಜಿಯ ತುದಿಯಲ್ಲಿ ಒಂದು ಹನಿ, ಬೀಳದೆ, ಒಂದು ಹನಿ —