ಠುಸ್

ಆಸ್ಟ್ರೇಲಿಯಾದ ಗಣಿ ಊರು ಸೆಸ್‌ನಾಕ್‌ನಲ್ಲಿ ಪಟಾಕಿ ರಾತ್ರಿ ಎಂಬುದೊಂದು ಇದ್ದ ಕಾಲ. ಗಣಿ ಕೆಲಸದ ಹುಡುಗ ಕ್ಲ್ಯಾರಿಯ ಎದುರು ಜಂಬ ಕೊಚ್ಚಿಕೊಂಡು ನೋಲಾ ಹಚ್ಚಿದ ಪಟಾಕಿ ಸಿಡಿಯಲೇ ಇಲ್ಲ. ಒಂದಿಷ್ಟು ಹೊಗೆ ಬಿಟ್ಟು ಠುಸ್ ಎಂದು ಮಲಗಿತು.

“ಬಾರೇ ಠುಸ್, ಡ್ಯಾನ್ಸಾದ್ರೂ ಬರುತ್ತಾ ನೋಡೋಣ,” ಎಂದ ಕ್ಲ್ಯಾರಿ.

ಅಂದಿನಿಂದ, ಮದುವೆಯಾದ ಮೇಲೂ, ಅವನ ಬಾಯಲ್ಲಿ ಅವಳ ಹೆಸರು ಅದೇ. ಮುದ್ದಿಗೂ ಠುಸ್, ಜಗಳಕ್ಕೂ ಠುಸ್. ಅಪ್ಪಿತಪ್ಪಿ ‘ನೋಲಾ’ ಎಂದನೆಂದರೆ ಏನೋ ಗ್ರಹಚಾರ ಕಾದಿದೆ ಎಂದೇ ಲೆಕ್ಕ.

ಊರು ಮಾತ್ರ ಆ ಪದವನ್ನು ತನಗೆ ಬೇಕಾದ ಕಡೆಗೆಲ್ಲ ಎಳೆದಾಡಿತು. ಕೈಗೆ ಬಂದ ಚೆಂಡು ಬಿಟ್ಟ ಆಟಗಾರ ಠುಸ್, ಮೋಡ ಕಟ್ಟಿಯೂ ಸುರಿಯದ ಮಳೆ ಠುಸ್, ಮುರಿದುಬಿದ್ದ ಮದುವೆ ಠುಸ್. ಸರ್ಕಾರ ಪಟಾಕಿ ನಿಲ್ಲಿಸಿದ ಮೇಲೆ ಹುಟ್ಟಿದವರಿಗೆ ಅದು ಬರೀ ಸೋಲಿನ ಹೆಸರು. ಅದರ ಹಿಂದೆ ಬತ್ತಿ, ಮದ್ದು, ನಗು ಇತ್ತೆಂದು ಅವರಿಗೇನು ಗೊತ್ತು, ಪಾಪ.

ಮರೆವಿನ ಕಾಯಿಲೆ ಬಂದು ವೃದ್ಧಾಶ್ರಮ ಸೇರಿದ ಕ್ಲ್ಯಾರಿ ಒಂದೊಂದಾಗಿ ಎಲ್ಲವನ್ನೂ ಮರೆತ. ಕೊನೆಗೆ ಅವಳನ್ನೇ “ನೀವ್ಯಾರಮ್ಮಾ?” ಎಂದ. ಆದರೂ ನೋಲಾ ದಿನಾ ಹೋಗಿ ಕೂರುತ್ತಿದ್ದಳು. ಅವಳಿಗೆ ಬೇಕಿದ್ದುದು ಇಷ್ಟೇ, ಹೋಗುವ ಮೊದಲು ಅವನು ಒಂದೇ ಒಂದು ಸಲ ಆ ಹೆಸರು ಹಿಡಿದು ಕರೆಯಬೇಕು.

ಅವಳು ಊಟಕ್ಕೆಂದು ಮನೆಗೆ ಹೋದ ಮಧ್ಯಾಹ್ನವೇ ಅವನು ಹೋಗಿಬಿಟ್ಟ.

ಏದುಸಿರು ಬಿಡುತ್ತ ಬಂದವಳನ್ನು ನರ್ಸ್ ಬ್ರಿಯಾನಾ ಕೂರಿಸಿ ಟೀ ಕೊಟ್ಟಳು. ಒಳ್ಳೆಯ ಹುಡುಗಿ. ಅತ್ತು ಅತ್ತು ಮೂಗು ಕೆಂಪಗಾಗಿತ್ತು.

“ನೋವೇನೂ ಆಗ್ಲಿಲ್ಲ ನೋಲಾ. ಬಾಗಿಲ ಕಡೆ ನೋಡ್ಕೊಂಡು ಒಂದೇ ಸಮನೆ ‘ಠುಸ್, ಠುಸ್’ ಅಂತಿದ್ರು. ಬದುಕೆಲ್ಲ ಠುಸ್ ಆಯ್ತು ಅಂತ ಕೊರಗ್ತಿದಾರೆ ಅಂದ್ಕೊಂಡೆ. ಕರುಳು ಕಿತ್ತು ಬಂತು ನಂಗೆ.”

ನೋಲಾ ಟೀ ಕಪ್ಪನ್ನು ಕೆಳಗಿಟ್ಟಳು. “ನೀನೇನಂದೆ ಮಗಳೇ?”

“ಕೈ ಹಿಡ್ಕೊಂಡು ಸಮಾಧಾನ ಮಾಡ್ದೆ. ‘ಇಲ್ಲಿ ಯಾವ ಠುಸ್ಸೂ ಇಲ್ಲ ಕ್ಲ್ಯಾರಿ’ ಅಂದೆ. ಆಮೇಲೆ ಸುಮ್ಮನಾಗ್ಬಿಟ್ರು.”

ನೋಲಾಳ ಎದೆ ಒಡೆದುಹೋಯಿತು. ಹುಡುಗಿಯ ಮುಖ ನೋಡಿದಳು. ನಿಜ ಹೇಳಿ ಇದರ ಜೀವ ಹಿಂಡಿ ಏನು ಪ್ರಯೋಜನ?

“ಒಳ್ಳೇದೇ ಮಾಡ್ದೆ ಬಿಡು,” ಎಂದು ಅವಳ ಕೆನ್ನೆ ತಟ್ಟಿ ಕ್ಲ್ಯಾರಿ ಮಲಗಿದ್ದ ಕೋಣೆಗೆ ಹೋದಳು. ಬಾಗಿಲು ಹಾಕಿಕೊಂಡು ಅವನ ಕಿವಿಯ ಹತ್ತಿರ ಬಗ್ಗಿದಳು.

“ಇದೀನಿ ಕಣೋ. ಠುಸ್ ಇಲ್ಲೇ ಇದೀನಿ.”