ಎಲ್‌ರಾಯ್ ಕದ್ದ ದನಿ

“ಆ ಹಂಡೆ ಅಲ್ಲಿಟ್ರೆ ಜನ ಹೆಂಗ್ರೀ ಓಡಾಡೋದು? ತಲೆ ಮೇಲೆ ಹತ್ತಿಸ್ಕೊಂಡು ಹೋಗ್ಬೇಕಾ?”

ವರ್ನಾ ಹೀಗೆ ಗದರಿದ್ದು ಪಾದ್ರಿಯನ್ನು. ಚರ್ಚಿನ ನೆಲಮಾಳಿಗೆಯ ಮೆಟ್ಟಿಲ ಬುಡದಲ್ಲೇ ಕಾಫಿ ಹಂಡೆ ಇಳಿಸಲು ಹೊರಟಿದ್ದವರು ಸದ್ದಿಲ್ಲದೆ ಎತ್ತಿಕೊಂಡು ಒಳಗೆ ನಡೆದರು. ಗಂಡನನ್ನು ಮಣ್ಣು ಮಾಡಿ ಬಂದವಳು ಇನ್ನೂ ಕೈಗವಸು ಕಳಚಿರಲಿಲ್ಲ. ಅಷ್ಟರಲ್ಲಿ ಮೂಲೆಯ ಮೇಜಿನಲ್ಲಿ ಯಾರೋ ಕಿಸಕ್ಕೆಂದರು.

ಬೆಳಗಿನಿಂದ ಇದೇ ಆಗುತ್ತಿತ್ತು. ಚರ್ಚಿನ ಬಾಗಿಲಲ್ಲಿ, “ಬೂಟಿನ ಕೆಸರು ಒರೆಸ್ಕೊಂಡು ಬನ್ನಿ, ಸತ್ತಿರೋದು ನನ್ನ ಗಂಡ, ಕಸಪೊರಕೆ ಅಲ್ಲ” ಎಂದಾಗ ಒಬ್ಬ ಗಡ್ಡದವನು ತುಟಿ ಕಚ್ಚಿಕೊಂಡಿದ್ದ. ಸಮಾಧಿಯ ಬಳಿ, “ನೆಟ್ಟಗೆ ಇಳಿಸ್ರಪ್ಪ, ಸೊಟ್ಟ ಮಲಗಿದ್ರೆ ಗೊರಕೆ ಹೊಡೀತಾರೆ” ಎಂದಾಗ ಒಬ್ಬಳು ಬಾಯಿಗೆ ಕರವಸ್ತ್ರ ತುರುಕಿಕೊಂಡು ಆಚೆ ತಿರುಗಿದ್ದಳು. ಊರಿನವರಾರೂ ನಕ್ಕಿರಲಿಲ್ಲ. ಅವರಿಗೆ ವರ್ನಾಳ ಬಾಯಿ ಹೊಸದಲ್ಲ. ನಗುತ್ತಿದ್ದವರೆಲ್ಲ ಪರವೂರಿನವರು, ಅವಳ ಗಂಡ ಎಲ್‌ರಾಯ್ ಓದಿದ ಆಡಿಯೊ ಪುಸ್ತಕ ಕೇಳುವವರು. ಒಬ್ಬಿಬ್ಬರಂತೂ ಕೆನಡಾದಿಂದ ಕಾರು ಓಡಿಸಿಕೊಂಡು ಬಂದಿದ್ದರು.

“ಯಾಕೆ ನಗ್ತಾವೆ ಇವು?” ವರ್ನಾ ಮಗಳನ್ನು ಕೇಳಿದಳು.

“ದುಃಖ ಅಮ್ಮ. ಕೆಲವ್ರಿಗೆ ದುಃಖ ಆದ್ರೆ ಹಂಗೇ.” ಜೂಡಿತ್ ತಾಯಿಯ ಮುಖ ನೋಡದೆ ಬನ್ನಿಗೆ ಬೆಣ್ಣೆ ಸವರುತ್ತಿದ್ದಳು.

*

ಮಿನೆಸೋಟಾದ ಆ ಊರಿನ ಧಾನ್ಯದ ಗೋದಾಮಿನಲ್ಲಿ ಎಲ್‌ರಾಯ್ ಬದುಕೆಲ್ಲ ಲಾರಿ ತೂಗಿದ. ಮನೆಯಲ್ಲಿ ಮಾತನ್ನೂ ತೂಗಿಯೇ ಆಡುತ್ತಿದ್ದ. “ಹ್ಞೂ” ಅಂದರೆ ಊಟ ಚೆನ್ನಾಗಿದೆ, ಇನ್ನೊಂದು ಬಗೆಯ “ಹ್ಞೂ” ಅಂದರೆ ಉಪ್ಪು ಕಮ್ಮಿ. ನಿವೃತ್ತನಾದ ಮೇಲೆ ಅದೇನು ಹುಚ್ಚು ಹತ್ತಿತೋ, ಚಳಿಗಾಲದ ಕೋಟುಗಳ ಗೂಡಿನೊಳಗೆ ಕಂಪ್ಯೂಟರು, ಮೈಕು ಇಟ್ಟುಕೊಂಡು ಹಳೇ ಕಾಲದ ನಗೆಕಾದಂಬರಿಗಳನ್ನೂ ಚೇಷ್ಟೆಯ ಪದ್ಯಗಳನ್ನೂ ಓದತೊಡಗಿದ. ಸಂಬಳವಿಲ್ಲದ ಕೆಲಸ. ಲೋಕದಲ್ಲಿ ಯಾರು ಬೇಕಾದರೂ ಕೇಳಬಹುದು, ಬಿಟ್ಟಿ.

ಅವನು ಗೂಡು ಸೇರಿದರೆ ಮನೆ ಉಸಿರಾಡುವಂತಿರಲಿಲ್ಲ. ಫ್ರಿಜ್ಜು ಬಂದ್. ಗಡಿಯಾರ ದಿಂಬಿನ ಕೆಳಗೆ. ಕುಕ್ಕರಿಲ್ಲ, ರೇಡಿಯೊ ಇಲ್ಲ, ಫೋನಿಲ್ಲ. ವರ್ನಾ ಚಪ್ಪಲಿ ಬಿಟ್ಟು ಅಡುಗೆಮನೆಯಲ್ಲಿ ಸುಮ್ಮನೆ ಕೂರಬೇಕು. ಕೋಟುಗಳಾಚೆಯಿಂದ ಅಸ್ಪಷ್ಟವಾಗಿ ಒಬ್ಬ ಗಂಡಸು ಹಾಡುತ್ತಿದ್ದ, ಮುಲುಗುತ್ತಿದ್ದ, ಕುಣಿಯುವಂತೆ ಪದ್ಯ ಹೇಳುತ್ತಿದ್ದ. ಬಾಗಿಲು ತೆರೆದು ಹೊರಬರುತ್ತಿದ್ದುದು ಮಾತ್ರ ಅದೇ ಹಳೇ ಎಲ್‌ರಾಯ್. “ಹ್ಞೂ.”

ಲೋಕಕ್ಕೆಲ್ಲ ಹಂಚುವ ನಗು ತನಗೆ ಬೇಡವೆಂದು ಅವಳು ಹಟ ತೊಟ್ಟಳು. ಒಂದೇ ಒಂದು ಪುಸ್ತಕವನ್ನೂ ಕೇಳಲಿಲ್ಲ.

ಆ ಕಾಲದಲ್ಲೇ ಅವನಿಗೆ ಇನ್ನೊಂದು ಅಭ್ಯಾಸ ಅಂಟಿತು. ಅವಳು ಹಾಲಿನವನನ್ನೋ ಪಕ್ಕದ ಮನೆಯ ನಾಯಿಯನ್ನೋ ಬೈದರೆ ಸಾಕು, ತಲೆ ಓರೆ ಮಾಡಿ, “ಏನಂದೆ? ಇನ್ನೊಂದ್ಸಲ ಹೇಳು” ಎನ್ನುತ್ತಿದ್ದ. ಕಿವಿ ಮಂದವಾಯಿತೆಂದು ಅವಳಿಗೆ ಕರುಳು ಚುರುಕ್ಕೆಂದಿತ್ತು. ಎಳೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದಳು. ಮೊಲದ ಕಿವಿಯಷ್ಟು ಚುರುಕಾಗಿದೆ ಎಂದರು ಡಾಕ್ಟರು. ಎಲ್‌ರಾಯ್ ಕಾರು ಹತ್ತುವಾಗ ಕೆನ್ನೆಯೊಳಗೆ ಏನನ್ನೋ ಅದುಮಿಟ್ಟುಕೊಂಡಂತಿದ್ದ.

*

ಮೂಲೆಯ ಮೇಜಿನ ತುದಿಯಲ್ಲಿ ಕಣ್ಣು ಕಾಣದ ಮುದುಕಿಯೊಬ್ಬಳು ಕೂತಿದ್ದಳು. ಹೆಸರು ಮ್ಯೂರಿಯಲ್. ವರ್ನಾ ಅವಳ ಮುಂದೆ ತಟ್ಟೆ ಇಟ್ಟು, “ಹಂದಿಮಾಂಸ ಇದೆ, ಬೇಡಾಂದ್ರೆ ಈಗ್ಲೇ ಹೇಳಿ, ಆಮೇಲೆ ಮೂಗು ಮುರೀಬೇಡಿ” ಎಂದಳು.

ಮ್ಯೂರಿಯಲ್ ಮುಖ ಅರಳಿತು. “ಅಯ್ಯೋ, ನೀವು ಗಯ್ಯಾಳಿ ಅತ್ತೆ.”

“ಏನು?”

“ಮನೆ ಬಾಡಿಗೆಗೆ ಕೊಡೋಳೂ ನೀವೇ. ದೋಣಿಯೋನ ಹೆಂಡ್ತೀನೂ ನೀವೇ. ಪದ್ಯದಲ್ಲಿ ಮೊಸಳೆಗೆ ಬೈಯೋಳೂ ನೀವೇ. ಎಲ್‌ರಾಯ್ ಎಲ್ಲಾ ಪುಸ್ತಕದಲ್ಲೂ ಬೈಯೋ ಹೆಂಗಸ್ರಿಗೆಲ್ಲಾ ಕೊಟ್ಟಿದ್ದು ಒಂದೇ ದನಿ. ಇಂಥೋಳು ಎಲ್ಲಾದ್ರೂ ಇರ್ತಾಳಾ ಅಂದ್ಕೊಂಡಿದ್ದೆ. ನೋಡಿದ್ರೆ ಇದ್ದೀರಿ.”

ಗಡ್ಡದವನು ಕಾಫಿಯೊಳಗೆ ಮುಖ ಹುದುಗಿಸಿದ. ವರ್ನಾ ಮಗಳ ಕಡೆ ತಿರುಗಿದಳು.

“ನಿಂಗೆ ಗೊತ್ತಿತ್ತಾ?”

“ಎಲ್ರಿಗೂ ಗೊತ್ತು ಅಮ್ಮ. ನೀನೇ ಕೇಳ್ಲಿಲ್ಲ.”

ಇನ್ನೊಂದ್ಸಲ ಹೇಳು. ಇನ್ನೊಂದ್ಸಲ ಹೇಳು. ವರ್ನಾಳಿಗೆ ಕಿವಿಯವರೆಗೆ ಬಿಸಿಯೇರಿತು. ಅಡುಗೆಮನೆಯಲ್ಲಿ ಉಸಿರು ಬಿಗಿಹಿಡಿದು ಕೂರುವಂತೆ ಮಾಡಿ, ಗೋಡೆಯಾಚೆ ತನ್ನನ್ನೇ ಕುಣಿಸಿ ಲೋಕಕ್ಕೆಲ್ಲ ಹಂಚಿದ್ದಾನೆ. ಈಗ ಬೈಯೋಣವೆಂದರೆ ಮಣ್ಣೊಳಗೆ ಆರಾಮಾಗಿ ಮಲಗಿದ್ದಾನೆ. ಬೈದರೂ ಇವರಿಗೆ ಅದೇ ನಗು.

ಅವಳು ಚಮಚದಿಂದ ಲೋಟ ಬಡಿದಳು. “ನನ್ನನ್ನ ಎಲ್ರೂ ಕೇಳಿದ್ದೀರಂತೆ. ಸಂತೋಷ. ಎಲ್‌ರಾಯ್‌ನ ಯಾರೂ ಕೇಳಿಲ್ಲ. ಈಗ ಕೇಳಿ.”

ಗದ್ದವನ್ನು ಕತ್ತಿನೊಳಗೆ ಇಳಿಸಿದಳು, ಭುಜ ಜಾರಿಸಿದಳು. ಗಂಟಲಿನ ತಳದಿಂದ ಅವನ ದನಿ ಹೊರಟಿತು.

“ಈ ಸಲ ಗೋಧಿ... ಚೆನ್ನಾಗಿ ಒಣಗಿದೆ.” ತಡೆದಳು. ಒಮ್ಮೆ ಕೆಮ್ಮಿದಳು. “ಮದ್ವೆ ಆಗೋಣ್ವಾ, ಹೆಂಗೆ?”

ಗೋದಾಮಿನ ಹಳೇ ಗೆಳೆಯನೊಬ್ಬ ಬುಸ್ಸನೆ ಕಾಫಿ ಉಗುಳಿದ. ಊರವರ ಕಡೆಯಿಂದ ಬಂದ ಮೊದಲ ನಗು ಅದು. ವರ್ನಾಳಿಗೆ ರುಚಿ ಹತ್ತಿತು.

“ಇವ್ಳು ಹುಟ್ಟಿದಾಗ,” ಜೂಡಿತ್‌ಳತ್ತ ಕೈ ತೋರಿಸಿದಳು, “ಆಸ್ಪತ್ರೆಗೆ ಬಂದ. ಟೋಪಿ ತೆಗೆದ. ಮಗೂನ ನೋಡಿದ. ನನ್ನ ನೋಡಿದ.” ಮತ್ತೆ ಆ ದನಿ: “ಲೆಕ್ಕಕ್ಕೆ ಬಟ್ಟೆ ಸೇರ್ಸಿ ತೂಗಿದ್ರೋ, ಬಿಚ್ಚಿ ತೂಗಿದ್ರೋ?”

ನೆಲಮಾಳಿಗೆ ಗೊಳ್ಳೆಂದಿತು. ಪಾದ್ರಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ವರ್ನಾ ಬಿಡಲಿಲ್ಲ. ಅವನು ಸಾಸ್ ಕೇಳುವುದು, ಜ್ವರ ಬಂದರೆ ಗೋಡೆಗೆ ದೂರು ಹೇಳುವುದು, ಅವಳ ಹೊಸ ಗೌನು ನೋಡಿ ಕಿಟಕಿ ಪರದೆ ಬದಲಾಯಿಸಿದೆಯಾ ಎಂದದ್ದು, ಒಂದೊಂದನ್ನೂ ಜನರ ಮುಂದೆ ಬಿಚ್ಚಿ ಹರಡಿದಳು. ಇಷ್ಟು ವರ್ಷ ಸದ್ದಿಲ್ಲದೆ ಕೂತವಳಿಗೆ ಅವನ ಒಂದು ನಿಟ್ಟುಸಿರೂ ಮರೆತಿರಲಿಲ್ಲ. ನಗಲಿ. ಹೊಟ್ಟೆ ಹಿಡಿದುಕೊಂಡು ನಗಲಿ. ಅವನಿಗೂ ಗೊತ್ತಾಗಲಿ, ಎದ್ದು ಬಂದು ತಡೆಯಲಿ ನೋಡೋಣ.

ನಗು ಒಂದು ಸುತ್ತು ಇಳಿಯಿತು. ಮ್ಯೂರಿಯಲ್ ಮಾತ್ರ ನಗುತ್ತಿರಲಿಲ್ಲ. ಬೆನ್ನು ನೆಟ್ಟಗೆ ಮಾಡಿ, ಎರಡೂ ಅಂಗೈ ಮೇಜಿನ ಮೇಲೂರಿ, ದನಿ ಬಂದ ಕಡೆಗೆ ಮುಖ ಎತ್ತಿದ್ದಳು.

“ಎಲ್‌ರಾಯ್,” ಎಂದಳು ಮೆಲ್ಲಗೆ, “ನಿಲ್ಲಿಸ್ಬೇಡಿ.”

“ನಾನಮ್ಮ, ವರ್ನಾ” ಎನ್ನಲು ವರ್ನಾ ಬಾಯಿ ತೆರೆದಳು. ಬಂದದ್ದು ಅವಳ ದನಿಯಲ್ಲ.

“ಹ್ಞೂ.”

ಜೂಡಿತ್ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು, ಬೆಂಚಿನ ಮೇಲೆ ಸರಿದು, ಅಪ್ಪನಂಥ ದಪ್ಪನೆಯ ಗಂಡಸು ಕೂರುವಷ್ಟು ಜಾಗ ಬಿಟ್ಟಳು.